ಬಾಯಿ ಮುಚ್ಚಿ ಕಾಯುವ ಕೆಲಸ

ನನ್ನ ಕುರ್ಚಿಗೆ ಈಗ ಬಂದಿರುವ ಹುಡುಗಿ ಹೋದ ತಿಂಗಳು ಹಳಿಯಾಳದ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಬಾಳೆಹಣ್ಣಿನ ಚೀಲ, ಮುಖದ ತುಂಬ ಗಾಬರಿ.

“ಗೌರಕ್ಕಾರ, ಓದಾಕ ಕಷ್ಟಪಡೋ ಮಕ್ಕಳನ್ನ ಹೆಂಗ ಗುರುತು ಹಿಡೀಬೇಕು, ಹೆಂಗ ಕಲಿಸ್ಬೇಕು ಅಂತ ಮಾಸ್ತರಿಗೆಲ್ಲ ನಾ ತರಬೇತಿ ಕೊಡಬೇಕಂತ್ರಿ. ನೀವು ಇಷ್ಟು ವರ್ಷ ಕೊಟ್ಟೀರಿ. ಏನಾರ ಬರದು ಕೊಡ್ರಿ.”

“ಮ್ಯಾಲಿಂದ ಬಂದ ಮಾಡ್ಯೂಲ್ ಐತೆಲ್ಲವಾ?” ಎಂದೆ.

“ಐತ್ರಿ. ಓದಾಕ ಕೂತ್ರ ನಿದ್ದಿ ಬರತೈತ್ರಿ.”

ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು. ಈ ಕೆಲಸಕ್ಕೆ ಅಷ್ಟಿದ್ದರೆ ಅರ್ಧ ಗೆದ್ದಂತೆ. ಅವಳಿಗೆಂದು, ಅವಳ ಹಿಂದೆ ಬರುವವರಿಗೆಂದು ಬರೆಯುತ್ತಿದ್ದೇನೆ.

ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ಪಿಂಚಣಿ ಕಾಗದದಲ್ಲಿದೆ, ಅಲ್ಲೇ ಇರಲಿ. ಸಾಂಬ್ರಾಣಿ ಕಡೆಯ ಹಳ್ಳಿಗಳಲ್ಲಿ ಒಂದನೆಯ ಇಯತ್ತೆಗೆ ಅಕ್ಷರ ತಿದ್ದಿಸುತ್ತಿದ್ದವಳನ್ನು ಎಬ್ಬಿಸಿ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆ ಸುತ್ತಿ ಶಿಕ್ಷಕರಿಗೆ ಪಾಠ ಹೇಳುವ ‘ಸಂಪನ್ಮೂಲ ವ್ಯಕ್ತಿ’ ಮಾಡಿದರು. ಹೆಸರು ದೊಡ್ಡದು. ಸಂಪತ್ತು ಅಂತ ನನ್ನ ಹತ್ತಿರ ಇದ್ದದ್ದು ಒಂದು ಜೋಳಿಗೆ, ಒಂದು ಕೊಡೆ, ಬಸ್ಸಿನ ವೇಳೆಗಳ ನೆನಪು. ಆದರೂ ಹೇಳುತ್ತೇನೆ, ಇಷ್ಟು ಖುಷಿಯಿಂದ ಮಾಡಿದ ಕೆಲಸ ನನ್ನ ಜನ್ಮದಲ್ಲಿ ಬೇರೊಂದಿಲ್ಲ.

ತರಬೇತಿ ಎಂದರೆ ಏನು ಎನ್ನುವುದು ಮೊದಲು ತಿಳಿದಿರಲಿ. ಹತ್ತು ಗಂಟೆಗೆ ಎಂದು ಬರೆದಿರುತ್ತದೆ, ಹನ್ನೊಂದಕ್ಕೆ ಶುರುವಾಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯ ಮಾಸ್ತರರು ಅವಲಕ್ಕಿಯಲ್ಲಿ ಶೇಂಗಾ ಕಡಿಮೆಯಾಗಿದೆ ಎಂದು ಗೊಣಗುತ್ತಾರೆ. ಜೋಯಿಡಾ ಕಡೆಯವರು ಕೊನೆಯ ಬಸ್ಸಿನ ಚಿಂತೆಯಲ್ಲಿ ಮೂರಕ್ಕೇ ಎದ್ದು ನಿಲ್ಲುತ್ತಾರೆ. ಅವರನ್ನು ಬಯ್ಯಬೇಡ. ಆ ಬಸ್ ತಪ್ಪಿದರೆ ಅವರು ರಾತ್ರಿ ಎಲ್ಲಿ ಮಲಗಬೇಕು? ನಾನೇ ಎರಡೂವರೆಗೆ ಮುಗಿಸಿಬಿಡುತ್ತಿದ್ದೆ. ಆಮೇಲೆ ಅವರೂ ಹತ್ತೂವರೆಗೇ ಬಂದು ಕೂರತೊಡಗಿದರು.

ಮೊದಮೊದಲು ನಾನೂ ಮಾಡ್ಯೂಲಿನಲ್ಲಿದ್ದುದನ್ನೇ ಓದಿ ಹೇಳುತ್ತಿದ್ದೆ. ಅಕ್ಷರ ಅದಲುಬದಲು ಮಾಡುವ ಮಗು, ಸಾಲು ತಪ್ಪುವ ಮಗು, ನಿನ್ನೆ ಬಂದದ್ದು ಇವತ್ತು ಮರೆಯುವ ಮಗು, ಬುದ್ಧಿ ಚುರುಕಿದ್ದೂ ಓದು ಮಾತ್ರ ಬಾರದ ಮಗು ಎಂದು ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆದು ಬರುತ್ತಿದ್ದೆ. ಒಂದು ಸಲ ತರಬೇತಿ ಮುಗಿದ ಮೇಲೆ ಒಬ್ಬ ಮಾಸ್ತರರ ಶಾಲೆಗೆ ಹೋದೆ. ಹಿಂದೆ ಒಂದು ಬೆಂಚಿನ ಮೇಲೆ ಐದಾರು ಮಕ್ಕಳು ಒತ್ತೊತ್ತಾಗಿ ಕುಳಿತಿದ್ದರು. ಯಾಕೆ ಎಂದು ಕೇಳಿದರೆ ಮಾಸ್ತರರು ಹೆಮ್ಮೆಯಿಂದ, “ನೀವು ಹೇಳಿದ ಲಕ್ಷಣ ಇದ್ದವ್ರನ್ನೆಲ್ಲ ಹೆಕ್ಕಿ ತಗದೇನ್ರಿ,” ಎಂದರು. ಮುಂದೆ ಕುಳಿತಿದ್ದ ಒಂದು ಪುಟಾಣಿ ಎದ್ದು ನಿಂತು ವಿವರಿಸಿತು: “ಅದು ಮೇಡಮ್ಮರ ಬೆಂಚ್ ರೀ.” ನನ್ನ ಹೆಸರಿನಲ್ಲಿ ಒಂದು ಬೆಂಚು! ಊರಿಗೆ ದೊಡ್ಡ ಉಪಕಾರ ಮಾಡಿದ್ದೆ. ಅವತ್ತೇ ಆ ಬೆಂಚನ್ನು ಎತ್ತಿಸಿ ವರಾಂಡಕ್ಕೆ ಹಾಕಿಸಿದೆ.

ನಮ್ಮ ಮೇಲಧಿಕಾರಿಯೊಬ್ಬರಿದ್ದರು. ಕೆಟ್ಟವರಲ್ಲ, ಸಹಿ ಹಾಕಲು ಎಂದೂ ಸತಾಯಿಸಿದವರಲ್ಲ. ಆದರೆ ಓದಿನ ತೊಂದರೆಯನ್ನು ಕೆಮ್ಮು ನೆಗಡಿ ಎಂದು ತಿಳಿದಿದ್ದರು.

“ಗೌರಕ್ಕಾರ, ಈ ತಿಂಗಳ ಎಷ್ಟು ಮಕ್ಕಳು ಗುಣ ಆದ್ವು?”

“ಸರ, ಇದು ಜಡ್ಡು ಅಲ್ರಿ ಗುಣ ಆಗಾಕ.”

“ಮತ್ತೇನ್ರಿ?”

“ಎಡಗೈ ರೂಢಿ ಇದ್ದಾಂಗ ರೀ. ಎಡಚರು ಎಂದಾರ ಗುಣ ಆಗ್ತಾರೇನ್ರಿ? ಬಿಟ್ರ ಎಡಗೈಲೆ ಚಲೋ ಬರೀತಾರ, ಅಷ್ಟ.”

ಅವರು ಹುಬ್ಬು ಗಂಟಿಕ್ಕಿದರು. ಮುಂದಿನ ತಿಂಗಳು ಜಿಲ್ಲಾ ಸಭೆಯಲ್ಲಿ ಎದ್ದು ನಿಂತು, ಎಡಗೈಯ ಉದಾಹರಣೆಯನ್ನು ತಾವೇ ಯೋಚಿಸಿದ್ದೆಂಬಂತೆ ಹೇಳಿ ಚಪ್ಪಾಳೆ ಹೊಡೆಸಿಕೊಂಡರು. ನಾನೂ ಹೊಡೆದೆ. ಮಾತು ನಾಲ್ಕು ಜನಕ್ಕೆ ತಲುಪಿದರೆ ಯಾರ ಬಾಯಿಂದ ಹೋದರೇನು ಎಂದು ಬಸ್ಸಿನಲ್ಲಿ ಬರುವಾಗ ನಗುತ್ತ ಬಂದೆ.

ಲಕ್ಷಣ ಓದುವುದನ್ನು ಬಿಟ್ಟು ಬೇರೆ ದಾರಿ ಹಿಡಿದದ್ದು ಆ ಬೆಂಚಿನ ನಂತರ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಸ್ವೆಟರ್ ಮಾರುವ ಅಮ್ಮನೊಬ್ಬಳಿದ್ದಾಳೆ, ನನಗೆ ಹಳೆಯ ಪರಿಚಯ. ಅವಳಿಂದ ಅವಳ ಲಿಪಿಯಲ್ಲಿ ಒಂದಿಷ್ಟು ಅಕ್ಷರ, ಎರಡು ಮೂರು ಸಾಲು ಬರೆಸಿಕೊಂಡು ಬಂದು ಝೆರಾಕ್ಸ್ ಮಾಡಿಸಿದೆ. ತರಬೇತಿಯಲ್ಲಿ ಶಿಕ್ಷಕರಿಗೆ ಆ ಅಕ್ಷರಗಳನ್ನು ಗಡಿಬಿಡಿಯಲ್ಲಿ ಕಲಿಸಿ, ಒಬ್ಬೊಬ್ಬರನ್ನೇ ಎಬ್ಬಿಸಿ ಎಲ್ಲರೆದುರು “ಓದು” ಎನ್ನುವುದು. ಅವರು ತಡವರಿಸುವಾಗ ತರಗತಿಗಳಲ್ಲಿ ನಾನು ಕೇಳಿದ ಮಾತುಗಳನ್ನೇ ಅವರ ಮೇಲೆ ಬಿಡುವುದು. “ಈಗರೆ ಹೇಳಿಕೊಟ್ಟೇನಿ, ಆಗಲೇ ಮರೆತ್ಯಾ? ಮಗ್ಗಲದಾಕಿ ಓದಿದ್ಲು, ನಿನಗೇನು ಧಾಡಿ?” ಮೊದಲು ಎಲ್ಲರೂ ನಗುತ್ತಾರೆ. ತಮ್ಮ ಸರದಿ ಬಂದಾಗ ಬೆವರುತ್ತಾರೆ. ಇಪ್ಪತ್ತು ವರ್ಷ ಸರ್ವಿಸ್ ಆದ ಮಾಸ್ತರರು ಪಕ್ಕದವರ ಹಾಳೆಗೆ ಇಣುಕುವುದನ್ನು ನೋಡಿದ್ದೇನೆ.

ಶಿವಲೀಲಾ ನನಗೆ ಸಿಕ್ಕಿದ್ದು ಇಂಥದೇ ಒಂದು ತರಬೇತಿಯಲ್ಲಿ. ದಾಂಡೇಲಿಯ ಸರಕಾರಿ ಕನ್ನಡ ಶಾಲೆಯ ಟೀಚರು. ತವರು ಬೈಲಹೊಂಗಲದ ಕಡೆ, ಗಂಡ ಮಹಾಂತೇಶ ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದನೆಯ ಇಯತ್ತೆಯ ಮಕ್ಕಳಿಗೆ ದೀಪಾವಳಿಯೊಳಗೆ ಓದು ಕಲಿಸುವವಳು ಎಂದು ಹೆಸರು ಮಾಡಿದ್ದಳು. ಮಾತು ಮಾತ್ರ ಮೆಣಸಿನಕಾಯಿ. ನಾನು ಬಾಯಿ ತೆರೆದರೆ ಸಾಕು, ಎದ್ದು ನಿಲ್ಲುತ್ತಿದ್ದಳು.

“ಇವೆಲ್ಲಾ ನೆವ ರೀ ಮೇಡಂ. ಓದಾಕ ಬರದ ಮಗು ಅಂತ ಇರಂಗಿಲ್ಲ. ಸೋಮಾರಿ ಮಕ್ಕಳಿರ್ತಾವ, ಅಷ್ಟ. ದಬಾಯಿಸಿ ಕುಂದ್ರಿಸಿದ್ರ ಓದ್ತಾವ.”

ಅವಳ ಸರದಿ ಬಂತು. ಮೊದಲ ಪದ ಸರಿಯಾಗಿ ಓದಿದಳು. ಎರಡನೆಯದಕ್ಕೆ ನಿಂತಳು. ಕಣ್ಣು ಮೇಲೆ ಚಾವಣಿಗೆ ಹೋಯಿತು. ನಾನು ರೂಢಿಯಂತೆ, “ಅಕ್ಷರ ನೋಡಂದ್ರ ಮಾಳಗಿ ನೋಡ್ತಿಯಲ್ಲ, ಮಾಳಗಿ ಮ್ಯಾಲ ಬರದೈತೇನು?” ಎಂದೆ. ಶಿವಲೀಲಾ ಹಾಳೆಯನ್ನು ಮೇಜಿನ ಮೇಲೆ ಒಗೆದು ಹೊರಗೆ ಹೋದಳು. ಹಿಂದೆ ಹೋಗಿ ನೋಡಿದರೆ ನಳದ ಹತ್ತಿರ ಮುಖ ತೊಳೆಯುತ್ತಿದ್ದಳು. “ಇದು ತರಬೇತಿ ಅಲ್ರಿ, ಮಂದಿ ಮಾನ ಕಳಿಯೋದು,” ಎಂದಳು. ಕಣ್ಣು ಕೆಂಪಾಗಿದ್ದವು. ಜಾಣೆ ಎನ್ನಿಸಿಕೊಂಡವಳಿಗೆ ಸೋಲು ಸಹಿಸಲಾಗಲಿಲ್ಲ ಎಂದುಕೊಂಡೆ.

ವಾದ ಮಾಡುವವರನ್ನು ದೂರ ಇಡಬೇಡ. ತಲೆ ಅಲ್ಲಾಡಿಸುವವರು ಊಟದ ಗಂಟೆಗಾಗಿ ಅಲ್ಲಾಡಿಸುತ್ತಾರೆ. ವಾದ ಮಾಡುವವರಿಗೆ ವಿಷಯ ಎಲ್ಲೋ ಚುಚ್ಚಿರುತ್ತದೆ. ನಾನು ಅವಳ ಮುಖ್ಯೋಪಾಧ್ಯಾಯರಿಗೆ ಹೇಳಿ, ವಾರಕ್ಕೊಂದು ದಿನ ಅವಳನ್ನು ನನ್ನ ಜೊತೆ ಶಾಲೆ ಸುತ್ತಲು ಕರೆದುಕೊಂಡೆ. “ನೀವ ಬಂದು ನೋಡ್ರಿ, ಸೋಮಾರಿ ಯಾರು ಅಂತ ನೀವ ಹೇಳ್ರಿ,” ಎಂದೆ. ಹಟಕ್ಕೆ ಬಿದ್ದು ಬಂದಳು.

ಮೊದಲು ಹೋದದ್ದು ಜೋಯಿಡಾದ ಆಚೆಯ ಒಂದು ಶಾಲೆಗೆ. ಬಯಲುಸೀಮೆಯಿಂದ ಬಂದ ಎಳೆಯ ಮಾಸ್ತರ, ಪಾಪ, ಅಡವಿಯ ನಡುವೆ ಒಬ್ಬನೇ ಅಡುಗೆ ಮಾಡಿಕೊಂಡು ಇದ್ದ. “ಈ ಮೂರು ಮಕ್ಕಳಿಗೆ ಓದಾಕ ಬರಂಗೇ ಇಲ್ರಿ,” ಎಂದು ಮೂವರನ್ನು ನಿಲ್ಲಿಸಿದ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು. ಕನ್ನಡ ಪಾಠ ಕೊಟ್ಟರೆ ಮೂವರೂ ಕುಂಟುತ್ತಿದ್ದರು. ಹಳಿಯಾಳದ ಸಂತೆಯಲ್ಲಿ ಬೆಳೆದ ನನಗೆ ಕೊಂಕಣಿ, ಮರಾಠಿ ಬಾರದೆ ಹೋದೀತೇ? ಬೆಕ್ಕು ಹಾಲು ಕುಡಿದು ಮೀಸೆ ಒರೆಸಿಕೊಂಡು, ಕುಡಿದದ್ದು ನಾಯಿ ಎಂದು ಚಾಡಿ ಹೇಳಿದ ಕತೆಯನ್ನು ಕೊಂಕಣಿಯಲ್ಲೇ, ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದೆ. ಇಬ್ಬರು ಮೆಲ್ಲಗೆ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಓದು ಬರುತ್ತಿತ್ತು, ಓದಿದ್ದು ತಿಳಿಯುತ್ತಿರಲಿಲ್ಲ, ಅಷ್ಟೇ. ಅದಕ್ಕೆ ಬೇರೆ ಮದ್ದು.

ಮೂರನೆಯ ಹುಡುಗಿಯೂ ನಕ್ಕಳು. ಆದರೆ ಉಳಿದ ಇಬ್ಬರ ಮುಖ ನೋಡಿ, ಸ್ವಲ್ಪ ತಡವಾಗಿ.

“ಆಕಿ ಮುಂದ ಕುಂದ್ರ್ರಿ ಮೇಡಂ,” ಎಂದು ಶಿವಲೀಲಾ ನನ್ನ ಕಿವಿಯಲ್ಲಿ ಹೇಳಿದಳು. “ಆಕಿಗಿ ಓದಾಕ ಬಂದಿಲ್ಲ. ಬಂದಾಂಗ ಮಾಡಾಕತ್ತಾಳ.”

ಸರಿಯಾಗಿತ್ತು. ಆ ಹುಡುಗಿಗೆ ಅಕ್ಷರವೇ ನಿಲ್ಲುತ್ತಿರಲಿಲ್ಲ. ಎಳೆಯ ಮಾಸ್ತರನಿಗೆ ಅವಳೊಬ್ಬಳ ಜೊತೆ ಹೇಗೆ ಕೂರಬೇಕೆಂದು ತೋರಿಸಿ ಬಂದೆವು. ಮೇಲಿನವರು ಕೊಟ್ಟಿದ್ದ ಟ್ಯಾಬನ್ನೂ ಇಟ್ಟು ಬಂದೆವು. ಒತ್ತಿದರೆ ಅಕ್ಷರ ಮಾತಾಡುವ ಟ್ಯಾಬು. ಅಲ್ಲಿ ನೆಟ್‌ವರ್ಕ್ ಹಿಡಿಯಬೇಕಾದರೆ ಗುಡ್ಡ ಹತ್ತಬೇಕು ಎಂದು ಮಾಸ್ತರ ನಕ್ಕ.

ಆಮೇಲೆ ಮುಂಡಗೋಡ ತಾಲೂಕಿನ ಒಂದು ಶಾಲೆಗೆ ಹೋದಾಗ ಮೇಲಧಿಕಾರಿಗಳೂ ನಮ್ಮ ಜೊತೆಗೆ ಬಂದಿದ್ದರು. ಒಬ್ಬ ಹುಡುಗನನ್ನು ಓದಲು ಎಬ್ಬಿಸಿದರು. ಅವನು ಪುಸ್ತಕದ ಮೇಲೆ ಬೆರಳಿಟ್ಟು, ಗಂಟಲು ಬಿಚ್ಚಿ, ಒಂದು ಪಾಠವನ್ನು ಉಸಿರು ಬಿಡದೆ ಒಪ್ಪಿಸಿದ. ನಮ್ಮ ಕಡೆಯ ಶಾಲೆಗಳಲ್ಲಿ ದಿನಾ ಎಲ್ಲರೂ ಕೂಡಿ ರಾಗವಾಗಿ ಓದುವ ರೂಢಿ. ಪಾಠ ಓದಿ ಬರುತ್ತದೋ ಕೇಳಿ ಬರುತ್ತದೋ ದೇವರೇ ಬಲ್ಲ. ಸಾಹೇಬರು “ಶಾಭಾಸ್!” ಎಂದು ಅವನ ಬೆನ್ನು ಚಪ್ಪರಿಸಿದರು. ನಾನೂ ಮೆಚ್ಚಿದೆ. ಶಿವಲೀಲಾ ಮಾತ್ರ ಅವನ ಹತ್ತಿರ ಹೋಗಿ, ತಲೆ ಸವರಿ ಬಂದಳು.

ವಾಪಸ್ ಬರುವಾಗ ಸಾಹೇಬರು ನಮ್ಮನ್ನು ಇಂದೂರ ಎಂಬ ಹಳ್ಳಿಯಲ್ಲಿ ಬಸ್ಸಿಗೆ ಇಳಿಸಿ, ಅತ್ತಿವೇರಿ ಪಕ್ಷಿಧಾಮದ ಹಕ್ಕಿ ನೋಡಿ ಬರುತ್ತೇನೆಂದು ಜೀಪು ತಿರುಗಿಸಿದರು. ನಾವಿಬ್ಬರೇ ಉಳಿದೆವು.

“ಅಂವ ಓದ್ಲಿಲ್ರಿ,” ಎಂದಳು ಶಿವಲೀಲಾ. “ಬಾಯಿಪಾಠ ಹೇಳಿದ. ಬೆರಳು ಸಾಲಿನ ತುದಿಗಿ ಹೋಗಿತ್ತು, ಬಾಯಿ ಇನ್ನೂ ನಡುವ ಇತ್ತು.”

“ನನಗ ಕಾಣ್ಲಿಲ್ಲಲ್ರೀ. ನೀವು ಹೆಂಗ ಹಿಡದ್ರಿ?”

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟಳು. “ನನ್ನ ಮಗಳೂ ಹಂಗ ರೀ,” ಎಂದಳು.

ಮಗಳ ಹೆಸರು ಭೂಮಿಕಾ. ನಾಲ್ಕನೆಯ ಇಯತ್ತೆ, ದಾಂಡೇಲಿಯದೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಇಂಗ್ಲಿಷು ಓದಲು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ದಿನಾ ಸಂಜೆ ಶಿವಲೀಲಾ ಮರುದಿನದ ಪಾಠವನ್ನು ಓದಿ ಓದಿ ಹೇಳುವುದು, ಹುಡುಗಿ ಕೇಳಿ ಕೇಳಿ ಬಾಯಿಪಾಠ ಮಾಡುವುದು, ಶಾಲೆಯಲ್ಲಿ ಬೆರಳಿಟ್ಟು ಒಪ್ಪಿಸುವುದು. ಈಗ ಪಾಠಗಳು ಉದ್ದವಾಗಿ, ನೆನಪಿನಲ್ಲಿ ಹಿಡಿಸದೆ ಗುಟ್ಟು ಬಯಲಾಗುತ್ತ ಬಂದಿತ್ತು.

“ನೀವು ಅವತ್ತು ಅಂದ್ರಲ್ಲ, ಮಾಳಗಿ ನೋಡ್ತಿ ಅಂತ? ಅದು ನನ್ನ ಮಾತ ರೀ. ಹಿಂದಿನ ದಿನ ಸಂಜೀಕ ಆಕಿಗಿ ಅಂದಿದ್ದೆ. ಅಂದು, ಹೊಡದಿದ್ದೆ. ಮಂದಿ ಮಕ್ಕಳಿಗೆಲ್ಲಾ ಓದು ಕಲಿಸಿದಾಕಿ ನಾ. ದೀಪದ ಬುಡಕ ಕತ್ತಲ ಅಂತಾರಲ್ರೀ, ನಮ್ಮ ಮನೀನ ಅದು. ಇವ್ರು ಜೂನಿಗಿ ಆಕೀನ್ನ ಧಾರವಾಡಕ್ಕ ಹಾಕೂಣು ಅಂತಾರ. ವಸತಿ ಸಾಲಿ ಪರೀಕ್ಷೆಗೆ ತಯಾರು ಮಾಡೋ ಕೋಚಿಂಗ್. ಅಲ್ಲೇ ಇರೋದು, ಅಲ್ಲೇ ಓದೋದು. ಭಾಳ ಶಿಸ್ತು ಅಂತ್ರಿ.”

ಓದಲು ಬಾರದ ಒಂಬತ್ತು ವರ್ಷದ ಕೂಸನ್ನು, ಬೆಳಗಿನಿಂದ ಸಂಜೆಯವರೆಗೆ ಓದಿಸುವ ಮನೆಯಲ್ಲಿ, ಅವ್ವ ಅಪ್ಪ ಇಲ್ಲದ ಕಡೆ ಬಿಡುವುದೇ? ಅಲ್ಲಿನವರು ಕೆಟ್ಟವರೆಂದಲ್ಲ. ಅವರಿಗೆ ಇವಳ ಕಷ್ಟ ಏನೆಂದು ಗೊತ್ತಾಗುವುದರೊಳಗೆ ಇವಳು ಓದನ್ನೇ ದ್ವೇಷಿಸಿರುತ್ತಾಳೆ. ಅಂಥ ಮಕ್ಕಳನ್ನು ನಾನು ನೋಡಿದ್ದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. “ಬರೂ ಆಯಿತವಾರ ನಿಮ್ಮ ಮನಿಗೆ ಬರ್ತೇನಿ,” ಎಂದೆ.

ದಾಂಡೇಲಿಯಲ್ಲಿ ನನ್ನ ತಂಗಿಯ ಮನೆ ಇದೆ. ಹಾಗಾಗಿ ಭಾನುವಾರಗಳು ಸುಲಭವಾದವು. ಭೂಮಿಕಾ ಪಟಪಟ ಮಾತಿನ ಹುಡುಗಿ. ಹೋದ ಮೊದಲ ದಿನವೇ ಕಾಳಿ ಹೊಳೆಯ ಮೊಸಳೆಗಳು ಎಲ್ಲಿ ಬಿಸಿಲು ಕಾಯುತ್ತವೆ, ಯಾವುದರ ಬಾಲ ತುಂಡಾಗಿದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದಳು. ಹೊಸ ಪುಸ್ತಕ ಕೊಟ್ಟು ಓದು ಎಂದೆ. ಚಿತ್ರ ನೋಡಿದಳು, ತಾನೇ ಒಂದು ಕತೆ ಕಟ್ಟಿ ‘ಓದಿ’ಬಿಟ್ಟಳು. ಪುಸ್ತಕದಲ್ಲಿದ್ದ ಕತೆಗಿಂತ ಅದೇ ಚೆನ್ನಾಗಿತ್ತು. ಚಿತ್ರವನ್ನು ಅಂಗೈಯಿಂದ ಮುಚ್ಚಿದೆ. ಹುಡುಗಿಯ ಬಾಯಿ ಕಟ್ಟಿತು. ಕಣ್ಣು ಮೇಲೆ ಹೋಯಿತು.

ಮಹಾಂತೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ. “ನಾವು ಕಾಗದ ಮಾಡೂ ಮಂದಿ ರೀ ಅಕ್ಕಾರ, ಅದನ್ನ ಓದೂ ಮಂದಿ ಬ್ಯಾರೆ,” ಎಂದು ನಗಾಡಿದ. ಆಮೇಲೆ ಚಹಾ ಕುಡಿಯುವಾಗ ನಗು ಹೋಗಿತ್ತು. “ಸಣ್ಣಾಂವಿದ್ದಾಗ ನನಗೂ ಹಿಂಗ ಇತ್ರಿ. ನಮ್ಮಪ್ಪ ಮೆತ್ತಗಿನ ಮನಶ್ಯಾ, ಹೋಗ್ಲಿ ಬಿಡು ಅಂದ. ಸಾಲಿ ಬಿಟ್ಟೆ. ಇವತ್ತೂ ಬ್ಯಾಂಕಿನ್ಯಾಗ ಅರ್ಜಿ ತುಂಬಾಕ ಮಂದಿ ಕಾಲು ಹಿಡೀತೇನಿ. ನಮ್ಮಪ್ಪ ಗಟ್ಟಿಯಾಗಿದ್ರ ನಾ ಕಲೀತಿದ್ದೆ. ನಾ ನನ್ನ ಮಗಳಿಗೆ ಮೆತ್ತಗ ಆಗಂಗಿಲ್ರಿ.” ಅವನ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ಮಗಳ ಮೇಲಿನ ಜೀವದಿಂದಲೇ ಅವನು ಧಾರವಾಡ ಎನ್ನುತ್ತಿದ್ದ.

ತಟ್ಟೆಯಲ್ಲಿ ರವೆ ಹರವಿ ಬೆರಳಿನಿಂದ ಅಕ್ಷರ ಬರೆಸಿದೆ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಟ್ಟಿಗೆ ಕೊಡದೆ ದೂರ ದೂರ ಇಟ್ಟೆ. ಒಂದು ಸಾಲು ಮಾತ್ರ ಕಾಣುವಂತೆ ರಟ್ಟಿಗೆ ಕಿಂಡಿ ಕೊರೆದುಕೊಟ್ಟೆ. ಇವೆಲ್ಲ ಯಾರಾದರೂ ಕಲಿಸಬಹುದು. ಕಷ್ಟವಾದದ್ದು ಶಿವಲೀಲಾಳ ಬಾಯಿ ಮುಚ್ಚಿಸುವುದು. ಮಗಳು ಒಂದು ಅಕ್ಷರಕ್ಕೆ ನಿಂತರೆ ಸಾಕು, ಅವ್ವ ಇಡೀ ಪದವನ್ನೇ ಹೇಳಿಬಿಡುತ್ತಿದ್ದಳು. ಮಗಳು ಅದನ್ನು ಕೇಳಿ ಮುಂದೆ ಹಾರುತ್ತಿದ್ದಳು. ಎಲ್ಲ ಶಿಕ್ಷಕರ ಜಡ್ಡೂ ಇದೇ. ಮಗು ಯೋಚಿಸುವಷ್ಟು ಹೊತ್ತು ನಮ್ಮಿಂದ ಸುಮ್ಮನಿರಲು ಆಗುವುದಿಲ್ಲ.

“ಬಾಯಿ ತುಂಬ ನೀರು ಹಿಡಕೊಂಡು ಕುಂದ್ರ್ರಿ,” ಎಂದೆ.

“ಏನ್ರೀ?”

“ಹೌದ್ರಿ. ಆಕಿ ಒಂದು ಸಾಲು ಮುಗಸೂತನಕ ನುಂಗಬ್ಯಾಡ್ರಿ, ಉಗಳಬ್ಯಾಡ್ರಿ.”

ಕೆನ್ನೆ ಉಬ್ಬಿಸಿಕೊಂಡು ಕುಳಿತ ಅವ್ವನನ್ನು ನೋಡಿ ಭೂಮಿಕಾ ಬಿದ್ದು ಬಿದ್ದು ನಕ್ಕಳು. ಶಿವಲೀಲಾ ನಗು ತಡೆಯಲಾರದೆ ನೀರನ್ನೆಲ್ಲ ಪುಸ್ತಕದ ಮೇಲೆ ಚಿಮ್ಮಿಸಿದಳು. ಆ ಮನೆಯಲ್ಲಿ ಪುಸ್ತಕ ತೆರೆದಾಗ ನಗು ಕೇಳಿದ್ದು ಅದೇ ಮೊದಲು ಎಂದು ಮಹಾಂತೇಶನೇ ಹೇಳಿದ. ಒಂದೆರಡು ವಾರ ಹೀಗೆ ನಡೆಯಿತು. ಹುಡುಗಿ ನಿಂತಲ್ಲಿ ನಿಂತು, ತಪ್ಪಿ, ತಾನೇ ತಿದ್ದಿಕೊಂಡು ಮುಂದೆ ಹೋಗತೊಡಗಿದಳು. ಯುಗಾದಿಯ ಹೊತ್ತಿಗೆ ಚಿಕ್ಕ ಪದಗಳು ಬರತೊಡಗಿದವು. ಸಂಜೆ ಪೇಟೆಗೆ ಹೋದಾಗ ಅಂಗಡಿಯ ಬೋರ್ಡುಗಳನ್ನು ಓದಿಸಿ ಎಂದಿದ್ದೆ. ಕಿರಾಣಿ ಅಂಗಡಿಯೊಂದರ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಸಂತೆಯೇ ಮುಗಿಯುತ್ತಿತ್ತು.

ನಿಧಾನವೆಂದರೆ ಅಷ್ಟು ನಿಧಾನ. ಶಾಲೆಯವರು ಐದನೆಯ ಇಯತ್ತೆಗೆ ದಾಟಿಸಿದರಾದರೂ, ಮುಂದೆ ಕಷ್ಟವಿದೆ, ಏನಾದರೂ ವ್ಯವಸ್ಥೆ ಮಾಡಿ ಎಂದರು. ಮೇ ತಿಂಗಳಲ್ಲಿ ಮಹಾಂತೇಶ ಧಾರವಾಡಕ್ಕೆ ಹೋಗಿ ಸೀಟು ಹಿಡಿದು ಬಂದ. ಶಿವಲೀಲಾ ನನ್ನ ಫೋನ್ ಎತ್ತುವುದನ್ನು ಬಿಟ್ಟಳು.

ಜೂನ್ ಮೊದಲ ವಾರ ಹಳಿಯಾಳದಲ್ಲಿ ತರಬೇತಿ ಇತ್ತು. ತಂಗಿಯ ಮನೆಯಿಂದ ಬೆಳಗ್ಗೆ ದಾಂಡೇಲಿ ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಅವ್ವ ಮಗಳು ನಿಂತಿದ್ದರು, ಪಕ್ಕದಲ್ಲಿ ಒಂದು ದೊಡ್ಡ ಬ್ಯಾಗು. ಭೂಮಿಕಾ ಓಡಿ ಬಂದು ನನ್ನ ಕೈ ಹಿಡಿದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು.

“ಹಳಿಯಾಳಕ್ಕ ಹೊಂಟೇವ್ರಿ ಅಕ್ಕೋರ, ಚಿಗವ್ವನ ಮನಿಗೆ!”

ಶಿವಲೀಲಾ ನನ್ನ ಮುಖ ನೋಡಲಿಲ್ಲ. ಹುಡುಗಿ ಆಚೆ ಸರಿದಾಗ ಪಿಸುದನಿಯಲ್ಲಿ, “ಧಾರವಾಡಕ್ಕ ರೀ. ಹೇಳಿದ್ರ ಬರತಿದ್ದಿಲ್ಲ. ಹಳಿಯಾಳ ದಾಟಿದ ಮ್ಯಾಲ ಹೇಳ್ತೇನಿ. ಏನೂ ಅನಬ್ಯಾಡ್ರಿ ಮೇಡಂ, ನಿಮ್ಮ ಕಾಲಿಗಿ ಬೀಳ್ತೇನಿ,” ಎಂದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಹೆತ್ತವಳು ಅವಳು. ನಾನು ಯಾರು?

ಬಸ್ಸು ಹಿಂದೆ ಹಿಂದೆ ಬಂದು ನಿಂತಿತು. ಕಂಡಕ್ಟರ್ ಎಂಟ್ರಿ ಮಾಡಿಸಲು ಇಳಿದು ಹೋದ. ಶಿವಲೀಲಾ ಬ್ಯಾಗಿಗೆ ಕೈ ಹಾಕಿದಳು. ಭೂಮಿಕಾ ಕದಲಲಿಲ್ಲ. ಬಾಗಿಲ ಪಕ್ಕದ ಬೋರ್ಡನ್ನು ನೋಡುತ್ತ ನಿಂತಿದ್ದಳು. ಮೇಲಿಂದ ಕೆಳಗೆ ಮೂರು ಊರಿನ ಹೆಸರು.

“ದಾಂ... ಡೇ... ಲಿ,” ಎಂದಳು. “ಹ... ಳಿ... ಯಾ... ಳ.”

“ಹೂಂ, ಹತ್ತು ಇನ್ನ,” ಎಂದಳು ಅವ್ವ.

“ತಡಿಯವ್ವಾ. ಇನ್ನೊಂದೈತಿ.”

ಹುಡುಗಿಯ ತುಟಿ ಆಡುತ್ತಿದ್ದವು. ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದರೆ ಮುಗಿಯುತ್ತಿತ್ತು. ಶಿವಲೀಲಾ ಕೈ ಚಾಚಿದಳು. ಮಗಳು ಓದುತ್ತಿರುವುದನ್ನು ಕಂಡು ಆ ಕೈಯನ್ನು ಹಿಂದೆ ತೆಗೆದುಕೊಂಡಳು. ಸುಮ್ಮನೆ ನಿಂತಳು.

“ಧಾ... ರ... ಪಾ... ಅಲ್ಲ, ವಾ... ಡ.” ಭೂಮಿಕಾ ಕಣ್ಣು ಮುಚ್ಚಿ ಅಕ್ಷರಗಳನ್ನು ಕೂಡಿಸಿದಳು. “ಧಾರವಾಡ.” ತಿರುಗಿ ಅವ್ವನನ್ನು ನೋಡಿದಳು. ಮುಖ ಸಣ್ಣದಾಗಿತ್ತು. ಅಪ್ಪ ಅವ್ವ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿರಬೇಕು. “ಧಾರವಾಡ ಅಂತ ಐತಿ. ನಾ ತಪ್ಪು ಓದಿದ್ನೇನವ್ವಾ?”

ಹೌದು, ತಪ್ಪು ಓದಿದಿ ಎಂದಿದ್ದರೆ ಸಾಕಿತ್ತು. ಆ ಹುಡುಗಿ ನಂಬುತ್ತಿದ್ದಳು. ಅಕ್ಷರ ಕೈಗೆ ಕೊಟ್ಟಾಗಿನಿಂದ ಅವಳು ಕೇಳುತ್ತ ಬಂದದ್ದು ಅದೊಂದನ್ನೇ. ಶಿವಲೀಲಾ ಬೋರ್ಡನ್ನು ನೋಡಿದಳು, ಮಗಳನ್ನು ನೋಡಿದಳು, ಬ್ಯಾಗಿನ ಮೇಲೆ ಕುಸಿದು ಕುಳಿತಳು.

“ಇಲ್ಲ ಮಗಾ,” ಎಂದಳು. “ಬರೋಬ್ಬರಿ ಓದಿದಿ. ಧಾರವಾಡನ ಅದು.”

ಕಂಡಕ್ಟರ್ ಬಂದು ಸೀಟಿ ಊದಿದ. “ಧಾರವಾಡ, ಧಾರವಾಡ! ಅಕ್ಕಾರ, ಹತ್ತತೀರೋ ಇಲ್ಲೋ?”

“ಇಲ್ಲಪಾ. ಅದು ನಮ್ಮ ಬಸ್ ಅಲ್ಲ,” ಎಂದಳು ಶಿವಲೀಲಾ.

ಬಸ್ಸು ಹೋಯಿತು. ನಾನು ಹೋಗಬೇಕಾದದ್ದೂ ಅದೇ ಬಸ್ಸು. ಹಳಿಯಾಳದಲ್ಲಿ ಮಾಸ್ತರರೆಲ್ಲ ಬಂದು ಕುಳಿತಿರುತ್ತಾರೆ ಎಂಬುದು ನೆನಪಿಗೆ ಬಂತು. ಕುಳಿತಿರಲಿ ಎಂದು ನಾನೂ ಅವರ ಪಕ್ಕದಲ್ಲೇ ನಿಂತೆ.

“ಮತ್ತ ಚಿಗವ್ವನ ಮನಿ ಬಸ್ ಯಾವುದವ್ವಾ?” ಎಂದಳು ಭೂಮಿಕಾ.

ಶಿವಲೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಬರ್ತೈತಿ,” ಎಂದಳು. “ನೀನ ಓದಿ ಹೇಳು.”